ಕತ್ತಲೆಗೆ ಇಟ್ಟ ಚುಕ್ಕಿ

ಹಗಲಲ್ಲಿ ನೋಡಿದರೆ ದಾರಿಬದಿಯ ಜಲ್ಲಿ. ದೀಪ ಆರಿಸಿ, ಕಣ್ಣಿಗೆ ಕಾಣದ ಬೆಳಕು ಬಿಟ್ಟರೆ ಕೆಂಡ, ಪಚ್ಚೆ! ನ್ಯೂಜೆರ್ಸಿಯ ಹಳೆಯ ಸತುವಿನ ಗಣಿಯಲ್ಲಿ ಮನೆಮಂದಿಯೆಲ್ಲ ಸೇರಿ ಆಯ್ದ ಕಲ್ಲುಗಳು ಹೊಳೆನರಸೀಪುರದ ಅಜ್ಜಿಯೊಬ್ಬರ ದೀಪಾವಳಿ ರಂಗೋಲಿಯಲ್ಲಿ ಕೂತ ಕಥೆ ಇದು. ನಡುವೆ ಸಿ.ವಿ. ರಾಮನ್ ಬರುತ್ತಾರೆ, ಎಡಿಸನ್ ಬರುತ್ತಾನೆ, ಒಂದು ಜೊತೆ ಕೆಂಪಿನ ಓಲೆಯೂ ಬರುತ್ತದೆ.

"ಪಂಚೆ ಉಟ್ಟವರೆಲ್ಲ ಹಿಂದಕ್ಕೆ ಸರೀರಿ!"

ಅಮ್ಮ ಗದರಿದ ರಭಸಕ್ಕೆ ಗ್ಯಾರೇಜಿನಲ್ಲಿದ್ದ ಏಳೆಂಟು ಗಂಡಸರು ಗೋಡೆಗೆ ಅಂಟಿಕೊಂಡರು. ನ್ಯೂಜೆರ್ಸಿಯ ಎಡಿಸನ್ ಎಂಬ ಊರು, ಕಳೆದ ದೀಪಾವಳಿಯ ಸಂಜೆ. ತಂಗಿಯ ಮನೆಯ ಎರಡೂ ಕಾರು ಅಂದು ರಸ್ತೆಪಾಲಾಗಿದ್ದವು. ಖಾಲಿಯಾದ ಗ್ಯಾರೇಜಿನ ನಟ್ಟನಡುವೆ ಕೆಮ್ಮಣ್ಣು ಸಾರಿಸಿದ ಪ್ಲೈವುಡ್ ಹಲಗೆ. ಅದರ ಮೇಲೆ ಅಮ್ಮ ಬೆಳಗಿನಿಂದ ಕೂತು ಬಿಟ್ಟ ಕಮಲದ ರಂಗೋಲಿ. ಚುಕ್ಕಿ ಇರಬೇಕಾದ ಕಡೆಯೆಲ್ಲ ಒಂದೊಂದು ಕಲ್ಲು. ಮನೆ ಕಟ್ಟಿ ಮುಗಿದ ಮೇಲೆ ಉಳಿದ ಜಲ್ಲಿಯಂತೆ ಬೂದು, ಕಂದು, ಮಾಸಲು ಬಿಳಿ. ಬಂದ ನೆಂಟರು "ಚೆನ್ನಾಗಿದೆ" ಅಂದರು. ಚಕ್ಕುಲಿ ಕೈಯಲ್ಲಿದ್ದಾಗ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ತಂಗಿಯ ಮಗಳು ಪುಟ್ಟಿ ಟ್ಯೂಬ್‌ಲೈಟ್ ಆರಿಸಿದಳು. ಕತ್ತಲೆ. ಇನ್ನೊಂದು ಸ್ವಿಚ್ಚು ಒತ್ತಿದಳು.

ಮೊದಲು ಹೊತ್ತಿಕೊಂಡದ್ದು ರಂಗೋಲಿಯಲ್ಲ, ಅವಳಪ್ಪನ ಪಂಚೆ. ಸೋಪಿನ ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಕಾಣಲೆಂದು ಬೆರೆಸುವ ರಾಸಾಯನಿಕ ನೇರಳಾತೀತ ಬೆಳಕಿಗೆ ನೀಲಿಯಾಗಿ ಉರಿಯುತ್ತದೆ. ಕತ್ತಲೆಯಲ್ಲಿ ಏಳೆಂಟು ಪಂಚೆಗಳು ತಾವೇ ನಡೆದಾಡುತ್ತಿರುವಂತೆ ಕಂಡು ಮಕ್ಕಳು ಕಿರುಚಿದರು. ಅಮ್ಮ ಗದರಿದ್ದು ಆಗಲೇ.

ಪಂಚೆಗಳು ಹಿಂದೆ ಸರಿದವು. ಹಲಗೆಯ ಮೇಲೆ ಕಮಲ ಇರಲಿಲ್ಲ. ಗೆರೆಗಳೆಲ್ಲ ಕತ್ತಲೆಯಲ್ಲಿ ಕರಗಿ, ಕಲ್ಲುಗಳಲ್ಲಿ ಕೆಲವು ಮಾತ್ರ ಎದ್ದು ನಿಂತಿದ್ದವು. ಕೆಳಗೆ ಕೆಂಡದ ಬಣ್ಣದ ಬಟ್ಟಲು, ಮೇಲೆ ಹಸಿರು ಕುಡಿ. ಒಂದು ಹಣತೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಕ್ಕುಲಿ ಕಡಿಯುವ ಸದ್ದು ನಿಂತಿತು, ಅಷ್ಟೇ.

ಸತುವಿನ ಬೆಟ್ಟ

ಈ ಕಲ್ಲುಗಳ ತವರು ಫ್ರಾಂಕ್ಲಿನ್ ಮತ್ತು ಆಗ್ಡೆನ್ಸ್‌ಬರ್ಗ್ ಎಂಬ ಅಕ್ಕಪಕ್ಕದ ಊರುಗಳು. ನ್ಯೂಯಾರ್ಕಿನಿಂದ ವಾಯುವ್ಯಕ್ಕೆ ಸುಮಾರು 80 ಕಿ.ಮೀ. ನೂರು ಕೋಟಿ ವರ್ಷಕ್ಕೂ ಹಳೆಯ ಅಮೃತಶಿಲೆಯ ನಡುವೆ ಇಲ್ಲಿ ಸತುವಿನ ಅದಿರು ಸಿಕ್ಕಿತು. ಆ ಅದಿರೂ ಲೋಕದ ರೂಢಿಗೆ ಹೊರತಾದದ್ದು. ಬೇರೆಡೆಗಳಲ್ಲಿ ಸತು ಬಹುಪಾಲು ಗಂಧಕದ ಜೊತೆ ಕೂಡಿರುತ್ತದೆ. ಇಲ್ಲಿ ಮಾತ್ರ ಫ್ರಾಂಕ್ಲಿನೈಟ್, ವಿಲ್ಲೆಮೈಟ್, ಜಿಂಕೈಟ್ ಎಂಬ ಮೂರು ಅಪರೂಪದ ಖನಿಜಗಳು ರಾಶಿ ರಾಶಿ. ಈ ಒಂದು ಚೂರು ನೆಲದಲ್ಲಿ 350ಕ್ಕೂ ಹೆಚ್ಚು ಬಗೆಯ ಖನಿಜಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಸುಮಾರು 90 ಕತ್ತಲೆಯಲ್ಲಿ ಹೊಳೆಯುವವು.

ಫ್ರಾಂಕ್ಲಿನ್ ಗಣಿ 1954ರಲ್ಲಿ ಮುಚ್ಚಿತು. ಆಗ್ಡೆನ್ಸ್‌ಬರ್ಗಿನ ಸ್ಟರ್ಲಿಂಗ್ ಹಿಲ್ ಗಣಿ 1986ರವರೆಗೆ ಏದುಸಿರು ಬಿಟ್ಟು ನಿಂತಿತು. ಮುಂದೆ ಹಾಕ್ ಎಂಬ ಮನೆತನದ ಇಬ್ಬರು ಸೋದರರು ಅದನ್ನು ಕೊಂಡು 1990ರಲ್ಲಿ ಮ್ಯೂಸಿಯಂ ಮಾಡಿದರು.

ತಂಗಿಯ ಸಂಸಾರ ಮೊದಲ ಸಲ ಅಲ್ಲಿಗೆ ಹೋದದ್ದು ಪುಟ್ಟಿಯ ಶಾಲೆಯ ಪ್ರಾಜೆಕ್ಟಿಗೆಂದು. ಈಗ ಪ್ರಾಜೆಕ್ಟು ಮರೆತುಹೋಗಿದೆ, ಹೋಗುವುದು ನಿಂತಿಲ್ಲ. ಅಮ್ಮ ಮತ್ತು ನಾನು ಹೋದ ವರ್ಷ ಅಕ್ಟೋಬರಿನಲ್ಲಿ ಅಮೆರಿಕಕ್ಕೆ ಇಳಿದ ಮೂರನೆಯ ದಿನವೇ ನಮ್ಮನ್ನೂ ಕಾರಿಗೆ ತುಂಬಿದರು. ಅಮ್ಮ ಬುತ್ತಿಗೆ ಪುಳಿಯೋಗರೆ ಕಲಸಿದ್ದರು. ನಯಾಗರ ತೋರಿಸುತ್ತಾರೆ ಎಂದುಕೊಂಡಿದ್ದವರಿಗೆ ಗಣಿ ಎಂದು ತಿಳಿದದ್ದು ಅರ್ಧ ದಾರಿ ಸಾಗಿದ ಮೇಲೆ.

"ಕಲ್ಲು ನೋಡೋದಕ್ಕೆ ವಿಮಾನ ಹತ್ತಿ ಬರಬೇಕಿತ್ತೇನೋ?" ಎಂದು ನನ್ನ ಕಡೆ ತಿರುಗಿದರು.

ಗಣಿಯೊಳಗೆ ವರ್ಷವಿಡೀ 13 ಡಿಗ್ರಿ ಸೆಲ್ಸಿಯಸ್ಸು. ಅಮ್ಮ ಶಾಲಿನ ಮೇಲೆ ಶಾಲು ಹೊದ್ದು ನಡೆದರು. ಗಣಿ ಕೆಲಸಗಾರರು ಬಟ್ಟೆ ಬದಲಿಸುತ್ತಿದ್ದ ಹಜಾರದಲ್ಲಿ, ಸರಪಳಿ ಕಟ್ಟಿ ಸೂರಿಗೆ ಎಳೆದುಬಿಟ್ಟ ಬುಟ್ಟಿಗಳು ಇನ್ನೂ ತೂಗುತ್ತಿವೆ. ಒದ್ದೆ ಬಟ್ಟೆ ಮೇಲೆ ಹೋಗಿ ಬಿಸಿಗಾಳಿಗೆ ಒಣಗಲಿ ಎಂಬ ಉಪಾಯ. ಅಮ್ಮ ಅದನ್ನು ನೋಡಿದಷ್ಟು ಹೊತ್ತು ಬೇರೇನನ್ನೂ ನೋಡಲಿಲ್ಲ. ಹಳೆ ಮನೆಯ ನೆಲುವು ನೆನಪಾಗಿರಬೇಕು.

ಆಮೇಲೆ 'ಕಾಮನಬಿಲ್ಲಿನ ಸುರಂಗ' ಬಂತು. ಮಾರ್ಗದರ್ಶಿ ದೀಪ ಆರಿಸಿ ನೇರಳಾತೀತ ದೀಪ ಹಾಕಿದ. ಗೋಡೆಯುದ್ದಕ್ಕೂ ಕೆಂಪು, ಹಸಿರು ಧಗ್ಗೆಂದಿತು. ಬಳಿದದ್ದಲ್ಲ, ಅಂಟಿಸಿದ್ದಲ್ಲ. ಬಂಡೆಯೇ ಹಾಗೆ. ಕೆಂಪಗಿರುವುದು ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ, ಹಸಿರು ವಿಲ್ಲೆಮೈಟ್. ನಡುವೆ ಕರ್ರಗೆ ತೂತಿನಂತೆ ಕಾಣುವುದು ಫ್ರಾಂಕ್ಲಿನೈಟ್. ಅದು ಯಾವ ದೀಪಕ್ಕೂ ಜಗ್ಗುವುದಿಲ್ಲ.

ಅಮ್ಮ ಮುಂದೆ ಹೋಗಿ ಗೋಡೆ ಮುಟ್ಟಿದರು. "ತಣ್ಣಗಿದೆ," ಎಂದರು. ಕೆಂಡ ಸುಡದಿದ್ದರೆ ಯಾರಿಗಾದರೂ ಅನುಮಾನ ಬರಬೇಕಾದ್ದೇ.

ಕಂಡಕ್ಟರನ ಚಿಲ್ಲರೆ

ಸುಡದ ಈ ಬೆಳಕಿಗೆ ಕನ್ನಡದಲ್ಲಿ ಪ್ರತಿದೀಪ್ತಿ ಎನ್ನುತ್ತಾರೆ. ನಡೆಯುವುದು ಇಷ್ಟು. ಕಣ್ಣಿಗೆ ಕಾಣದ ನೇರಳಾತೀತ ಕಿರಣ ಕಲ್ಲಿಗೆ ಬಡಿಯುತ್ತದೆ. ಕಲ್ಲಿನೊಳಗಿನ ಎಲೆಕ್ಟ್ರಾನು ಆ ಶಕ್ತಿ ನುಂಗಿ ಮೇಲಿನ ಮೆಟ್ಟಿಲಿಗೆ ಜಿಗಿಯುತ್ತದೆ. ಇಳಿಯುವಾಗ ಒಂದಿಷ್ಟು ಶಕ್ತಿ ಶಾಖವಾಗಿ ಸೋರಿ, ಉಳಿದದ್ದು ಬೆಳಕಾಗಿ ಹೊರಬರುತ್ತದೆ. ಶಕ್ತಿ ತಗ್ಗಿದ್ದರಿಂದ ಆ ಬೆಳಕು ಕಣ್ಣಿಗೆ ಕಾಣುವ ಬಣ್ಣಗಳ ಸಾಲಿಗೆ ಇಳಿದಿರುತ್ತದೆ.

ಪುಟ್ಟಿಗೆ ನಾನು ಬೆಂಗಳೂರಿನ ಬಸ್ಸಿನ ಲೆಕ್ಕ ಹೇಳಿದೆ. ನೋಟು ಕೊಟ್ಟೆ, ಕಂಡಕ್ಟರ್ ಟಿಕೆಟ್ಟಿನ ದುಡ್ಡು ಮುರಿದುಕೊಂಡು ಉಳಿದ ಚಿಲ್ಲರೆಯನ್ನು ಆಗಲೇ ಕೈಗಿತ್ತ: ಇದು ಪ್ರತಿದೀಪ್ತಿ. ಚಿಲ್ಲರೆ ಇಲ್ಲವೆಂದು ಟಿಕೆಟ್ಟಿನ ಹಿಂದೆ ಬರೆದುಕೊಟ್ಟು ಇಳಿಯುವಾಗ ಕೊಟ್ಟ: ಅದು ದೀಪ ಆರಿಸಿದ ಮೇಲೂ ಕೆಲ ಹೊತ್ತು ಉಳಿಯುವ ಹೊಳಪು, ಅನುದೀಪ್ತಿ. "ಕೊಡಲೇ ಇಲ್ಲ ಅಂದ್ರೆ?" ಎಂದಳು. ಅದು ಫ್ರಾಂಕ್ಲಿನೈಟ್.

ಮಜಾ ಇರುವುದು ಇನ್ನೊಂದು ಕಡೆ. ಅಪ್ಪಟ ಕ್ಯಾಲ್ಸೈಟ್ ಹೀಗೆ ಕೆಂಪಗೆ ಹೊಳೆಯುವುದಿಲ್ಲ. ಅದರಲ್ಲಿ ಚೂರೇ ಚೂರು ಮ್ಯಾಂಗನೀಸು ಸೇರಿರಬೇಕು. ಅದರ ಜೊತೆಗೆ ಚಿಟಿಕೆ ಸೀಸ. ಸೀಸ ನೇರಳಾತೀತವನ್ನು ಹಿಡಿದು ಮ್ಯಾಂಗನೀಸಿಗೆ ದಾಟಿಸುತ್ತದೆ, ಮ್ಯಾಂಗನೀಸು ಕೆಂಪಾಗಿ ಉಗುಳುತ್ತದೆ. ವಿಲ್ಲೆಮೈಟಿನ ಹಸಿರಿಗೂ ಅದೇ ಮ್ಯಾಂಗನೀಸು ಕಾರಣ. ಮನೆ ಬದಲಾದರೆ ಬಣ್ಣ ಬದಲು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಒಂದು ಹನಿ ಸಾಕು, ಆದರೆ ಅದಿಲ್ಲದೆ ಆಗದು. ಇನ್ನು ಕಬ್ಬಿಣ ಸೇರಿತೋ, ಬಹುಪಾಲು ಕಲ್ಲುಗಳಲ್ಲಿ ಹೊಳಪೇ ನಂದಿಹೋಗುತ್ತದೆ. ಈ ಕಬ್ಬಿಣದ ಮಾತನ್ನು ನೆನಪಿಡಿ, ಅಮ್ಮನ ರಂಗೋಲಿಗೆ ಬೇಕಾಗುತ್ತದೆ.

ಗಣಿ ಕಂಪನಿಗೆ ಈ ಸೊಬಗು ಬೇಕಿರಲಿಲ್ಲ, ಲೆಕ್ಕ ಬೇಕಿತ್ತು. ಅದಿರು ಬೇರ್ಪಡಿಸಿದ ಮೇಲೆ ಉಳಿದ ಕಸದ ಮೇಲೆ ನೇರಳಾತೀತ ಬೆಳಕು ಬಿಡುತ್ತಿದ್ದರು. ಹಸಿರು ಕಂಡರೆ ಸತು ಪೋಲಾಗಿದೆ ಎಂದರ್ಥ.

■ ರೇಡಿಯಂ ಇಲ್ಲದ ರೇಡಿಯಂ
ನಮ್ಮೂರುಗಳಲ್ಲಿ ಬೈಕಿಗೆ ಅಂಟಿಸುವ ಹೊಳೆಯುವ ಸ್ಟಿಕ್ಕರಿಗೆ 'ರೇಡಿಯಂ' ಎಂದೇ ಹೆಸರು. 'ರೇಡಿಯಂ ಕಟಿಂಗ್' ಅಂಗಡಿ ಇಲ್ಲದ ಬಸ್ ಸ್ಟ್ಯಾಂಡ್ ಇಲ್ಲ. ಅದರಲ್ಲಿ ರೇಡಿಯಂ ಎಳ್ಳಷ್ಟೂ ಇಲ್ಲ. ಬಿದ್ದ ಬೆಳಕನ್ನು ಬಂದ ದಾರಿಗೇ ಮರಳಿಸುವ ಹಾಳೆ ಅದು. ಹಿಂದೆ ಗಡಿಯಾರದ ಮುಳ್ಳುಗಳಿಗೆ ನಿಜವಾದ ರೇಡಿಯಂ ಬೆರೆತ ಬಣ್ಣ ಬಳಿಯುತ್ತಿದ್ದರು. ವಸ್ತು ಹೋಯಿತು, ಹೆಸರು ಉಳಿಯಿತು.

ಆಯುವ ಕೆಲಸ

ಮ್ಯೂಸಿಯಂ ನೋಡಿದ್ದಾಯಿತು, ಇನ್ನು ಆಯುವುದು. ಫ್ರಾಂಕ್ಲಿನ್ ಮಿನರಲ್ ಮ್ಯೂಸಿಯಮ್ಮಿನ ಬೆನ್ನಿಗೆ 'ಬಕ್‌ವೀಟ್ ಡಂಪ್' ಎಂಬ ಹಳೆಯ ಗಣಿತ್ಯಾಜ್ಯದ ಗುಡ್ಡೆ ಇದೆ. ದುಡ್ಡು ಕಟ್ಟಿ ಒಳಗೆ ಹೋಗಬೇಕು. ಹಗಲಲ್ಲಿ ಹೊಳೆಯುವ ಕಲ್ಲು ಹುಡುಕುವುದಾದರೂ ಹೇಗೆ? ತಂಗಿಯ ಮನೆಯವರು ಕಪ್ಪು ಕಂಬಳಿ ತಂದಿದ್ದರು. ಇಬ್ಬರು ಅದರೊಳಗೆ ಮುದುಡಿ ಕೂತು ದೀಪ ಹಾಕುವುದು, ಹೊರಗಿದ್ದವರು ಒಂದೊಂದೇ ಕಲ್ಲನ್ನು ಒಳಗೆ ನೂಕುವುದು. "ಇದೆ", "ಇಲ್ಲ", "ಇದೆ". ದೂರದಿಂದ ನೋಡಿದವರಿಗೆ ಬಾಣಂತಿಗೆ ಹೊಗೆ ಹಾಕುತ್ತಿರುವಂತೆ ಕಂಡಿರಬೇಕು.

ಅಮ್ಮನಿಗೆ 74. ಮಂಡಿ ಬಗ್ಗುವುದಿಲ್ಲ. ಮಡಚುವ ಕುರ್ಚಿ ಹಾಕಿಸಿಕೊಂಡು ಕೂತು, ಅಕ್ಕಿ ಆರಿಸಿದ ಹಾಗೆ ಆರಿಸತೊಡಗಿದರು. ಅರ್ಧ ಗಂಟೆಯಲ್ಲಿ ಅವರ ಕೈಗೆ ಪಾಠ ಬಂತು. ಕಪ್ಪು ಕಾಳು ಕಾಳಾಗಿ ಫ್ರಾಂಕ್ಲಿನೈಟ್ ಇದ್ದು, ನಡುವೆ ಮಾಸಲು ಬಿಳಿ ಇದ್ದರೆ ಬಹಳ ಮಟ್ಟಿಗೆ ಕೆಂಪು ಗ್ಯಾರಂಟಿ. ತಿಳಿಹಸಿರು ಅಥವಾ ಕಂದು ಎಣ್ಣೆಜಿಡ್ಡಿನ ಹಾಗಿದ್ದರೆ ವಿಲ್ಲೆಮೈಟ್ ಇರಬಹುದು. ಐದು ವರ್ಷದಿಂದ ಹೋಗುತ್ತಿರುವ ಅಳಿಯನಿಗಿಂತ ಅವರ ಲೆಕ್ಕವೇ ಹೆಚ್ಚು ಸರಿಹೋಯಿತು. "ಕಲ್ಲು ಆರಿಸಿ ಆರಿಸಿ ಕಣ್ಣು ಹೋಗಿದೆ ನನಗೆ. ಒಂದು ವ್ಯತ್ಯಾಸ, ಅಲ್ಲಿ ಎಸೀತಿದ್ದೆ, ಇಲ್ಲಿ ಇಟ್ಕೋತೀನಿ."

ಹೊಳೆಯದ ಕಲ್ಲುಗಳನ್ನು ಪುಟ್ಟಿ ರಪರಪ ಗುಡ್ಡೆಗೆ ಎಸೆಯುತ್ತಿದ್ದಳು. ಆಗ ಯಾರೂ ತಡೆಯಲಿಲ್ಲ.

■ ಸುಪೀರಿಯರ್ ದಂಡೆಯ ಕಿಡಿಗಳು
ಅಮೆರಿಕದ ಮನೆಮನೆಗೆ ಈ ಹುಚ್ಚು ಹತ್ತಿಸಿದ್ದರಲ್ಲಿ ಎರಿಕ್ ರಿಂಟಮಾಕಿ ಎಂಬಾತನ ಪಾಲು ದೊಡ್ಡದು. 2017ರಲ್ಲಿ ಈತ ಮಿಶಿಗನ್ನಿನ ಸುಪೀರಿಯರ್ ಸರೋವರದ ದಂಡೆಯಲ್ಲಿ ರಾತ್ರಿ ನೇರಳಾತೀತ ಟಾರ್ಚು ಹಿಡಿದು ನಡೆಯುವಾಗ ಬೂದು ಉಂಡೆಕಲ್ಲುಗಳ ಮೈತುಂಬ ಕಿತ್ತಳೆ ಬಣ್ಣದ ಕಿಡಿ ಕಂಡ. ಹೊಳೆಯುವ ಸೋಡಲೈಟ್ ಇರುವ ಸಯನೈಟ್ ಶಿಲೆ ಅದು. ಹಿಮನದಿಗಳು ಕೆನಡಾ ಕಡೆಯಿಂದ ಉರುಳಿಸಿ ತಂದದ್ದು. ಆತ ಇಟ್ಟ ಹೆಸರು 'ಯೂಪರ್‌ಲೈಟ್'. ಮಿಶಿಗನ್ನಿನ ಆ ಮೇಲ್ಭಾಗದವರಿಗೆ 'ಯೂಪರ್' ಎಂದು ಅಡ್ಡಹೆಸರು.

ಎಡಿಸನ್ನನಿಂದ ಸೈನೈಡ್ ದಿಬ್ಬಕ್ಕೆ

ತಂಗಿಯ ಗಂಡ ಕೆಜಿಎಫ್‌ನ ಹುಡುಗ. ಅಪ್ಪ ಚಿನ್ನದ ಗಣಿಯಲ್ಲಿದ್ದವರು. ಶಾಲೆಯಿಂದ ಬರುವಾಗ ಸೈನೈಡ್ ದಿಬ್ಬಗಳ ಮೇಲಿಂದ ಜಾರಿಕೊಂಡು ಬೆಳೆದ ಮಕ್ಕಳಲ್ಲಿ ಅವನೂ ಒಬ್ಬ. ಅದಿರು ಅರೆದು ಚಿನ್ನ ತೆಗೆದ ಮೇಲೆ ಸುರಿದ ಬೂದು ಪುಡಿಯ ಗುಡ್ಡಗಳವು. ಆ ಪುಡಿಯಲ್ಲಿ ಷೀಲೈಟ್ ಎಂಬ ಟಂಗ್‌ಸ್ಟನ್ ಅದಿರು ಇದೆ. ಕಿರುತರಂಗದ ನೇರಳಾತೀತಕ್ಕೆ ತಿಳಿನೀಲಿಯಾಗಿ ಮಿನುಗುವ ಖನಿಜ. ಹಾಗಾಗಿಯೇ ಭೂವಿಜ್ಞಾನಿಗಳು ಅದನ್ನು ರಾತ್ರಿ ಹೊತ್ತು ದೀಪ ಹಿಡಿದು ಹುಡುಕುತ್ತಾರೆ.

"ಭಾವ, ಹೊಳೆಯೋ ಗುಡ್ಡದ ಮೇಲೆ ಜಾರಿದ್ದೀವಿ, ಗೊತ್ತೇ ಇರಲಿಲ್ಲ," ಎಂದ. ಕೆಜಿಎಫ್ ಗಣಿ 2001ರ ಫೆಬ್ರುವರಿ 28ಕ್ಕೆ ನಿಂತಿತು. ಅವನಿಗೆ ಮುಚ್ಚಿದ ಗಣಿಗಳ ಮೇಲೆ ಯಾಕಿಷ್ಟು ಮೋಹ ಎಂದು ನಾನು ಮತ್ತೆ ಕೇಳಲಿಲ್ಲ.

ಷೀಲೈಟ್ ಎಂದರೆ ರಸಾಯನಶಾಸ್ತ್ರದಲ್ಲಿ ಕ್ಯಾಲ್ಸಿಯಂ ಟಂಗ್‌ಸ್ಟೇಟ್. 1896ರಲ್ಲಿ ಎಕ್ಸ್-ರೇ ಸುದ್ದಿ ಬಂದ ಹೊಸತರಲ್ಲಿ ಥಾಮಸ್ ಎಡಿಸನ್ ನೂರಾರು ರಾಸಾಯನಿಕ ಬಳಿದು ಬಳಿದು ನೋಡಿ, ಎಕ್ಸ್-ರೇ ಕಾಣಿಸುವ ಪರದೆಗೆ ಇದೇ ಸರಿ ಎಂದು ಆರಿಸಿದ. ತಂಗಿ ಇರುವ ಊರಿಗೆ ಅವನದೇ ಹೆಸರು. ಅದೇ ದಶಕದಲ್ಲಿ ಆಗ್ಡೆನ್ಸ್‌ಬರ್ಗ್ ಪಕ್ಕದ ಬೆಟ್ಟದಲ್ಲಿ ಕಬ್ಬಿಣದ ಅದಿರು ಬೇರ್ಪಡಿಸುವ ಭಾರೀ ಕಾರ್ಖಾನೆ ಹೂಡಿ ಕೈಸುಟ್ಟುಕೊಂಡಿದ್ದನ್ನೂ ಅಲ್ಲಿಯವರು ಇನ್ನೂ ಹೇಳುತ್ತಾರೆ. ಹೊಳೆಯುವ ಸತು ಕಾಲಡಿ ಇರುವಾಗ ಮನುಷ್ಯ ಕಬ್ಬಿಣದ ಹಿಂದೆ ಬಿದ್ದಿದ್ದ.

ಇನ್ನೂ ಹತ್ತಿರದ ನಂಟೊಂದಿದೆ. ಟ್ಯೂಬ್‌ಲೈಟಿನೊಳಗೆ ಪಾದರಸದ ಆವಿ ಹೊಮ್ಮಿಸುವುದು ಮುಖ್ಯವಾಗಿ ನೇರಳಾತೀತ. ಅದನ್ನು ಬೆಳಕಾಗಿಸುವುದು ಕೊಳವೆಯ ಒಳಮೈಗೆ ಬಳಿದ ಬಿಳಿ ಪುಡಿ. ಮೊದಮೊದಲ ಟ್ಯೂಬುಗಳಲ್ಲಿ ಹಸಿರಿಗೆ ಮ್ಯಾಂಗನೀಸು ಬೆರೆತ ಸತುವಿನ ಸಿಲಿಕೇಟ್ ಬಳಸುತ್ತಿದ್ದರು, ನೀಲಿಗೆ ಕ್ಯಾಲ್ಸಿಯಂ ಟಂಗ್‌ಸ್ಟೇಟ್. ಅಂದರೆ ಕೃತಕವಾಗಿ ತಯಾರಿಸಿದ ವಿಲ್ಲೆಮೈಟ್ ಮತ್ತು ಷೀಲೈಟ್. ಪಟಪಟ ಕಣ್ಣು ಹೊಡೆದು ಹೊತ್ತಿಕೊಳ್ಳುತ್ತಿದ್ದ ನಮ್ಮ ನಡುಮನೆಯ ಟ್ಯೂಬ್‌ಲೈಟ್ ಈ ಕಲ್ಲುಗಳ ದಾಯಾದಿ.

ರಾಮನ್ ಅವರ ಕತ್ತಲೆ ಕೋಣೆ

ಕನ್ನಡ ನಾಡಿಗೂ ಹೊಳೆಯುವ ಕಲ್ಲಿಗೂ ನಡುವೆ ನಿಂತಿರುವ ದೊಡ್ಡ ಮನುಷ್ಯ ಸಿ.ವಿ. ರಾಮನ್. ಅವರಿಗೆ ನೊಬೆಲ್ ತಂದ ಶೋಧದ ಬಾಗಿಲಲ್ಲೇ ಕೂತಿದ್ದ ಪ್ರಶ್ನೆ: ಇದು ಪ್ರತಿದೀಪ್ತಿಯೋ, ಅಲ್ಲವೋ?

1923ರಲ್ಲಿ ಕಲ್ಕತ್ತದಲ್ಲಿ ಅವರ ಶಿಷ್ಯ ಕೆ.ಆರ್. ರಾಮನಾಥನ್ ದ್ರವಗಳಲ್ಲಿ ಬೆಳಕು ಚದುರುವುದನ್ನು ನೋಡುತ್ತಿದ್ದಾಗ ಬಣ್ಣ ಬದಲಾದ ಮಂಕು ಬೆಳಕೊಂದು ಕಂಡಿತು. ಕಶ್ಮಲದಿಂದ ಬಂದ ಪ್ರತಿದೀಪ್ತಿ ಇರಬಹುದೆಂದು ದ್ರವವನ್ನು ಮತ್ತೆ ಮತ್ತೆ ಶುದ್ಧಿ ಮಾಡಿದರು. ಬೆಳಕು ಹೋಗಲಿಲ್ಲ. ರಾಮನ್ನರಿಗೆ ಆ ಮಂಕು ಬೆಳಕು ಗಂಟಲಿಗೆ ಸಿಕ್ಕಿದ ಮುಳ್ಳಾಯಿತು. ಐದು ವರ್ಷ ಕಳೆದು ಕೆ.ಎಸ್. ಕೃಷ್ಣನ್ ಜೊತೆಗೂಡಿ, ಇದು ಪ್ರತಿದೀಪ್ತಿಯಲ್ಲ, ಬೇರೆಯೇ ಎಂದು ಖಚಿತ ಮಾಡಿಕೊಂಡದ್ದು 1928ರ ಫೆಬ್ರುವರಿ 28ರಂದು. ಆ ದಿನವೇ ನಮ್ಮ ವಿಜ್ಞಾನ ದಿನ.

ಅಷ್ಟು ಕಾಡಿದ್ದ ಪ್ರತಿದೀಪ್ತಿಯನ್ನು ಅವರು ಮುಂದೆ ಬೆಂಗಳೂರಿನಲ್ಲಿ ಮನೆಗೇ ಕರೆದುಕೊಂಡು ಬಂದರು. 1940ರ ದಶಕದಲ್ಲಿ ವಜ್ರಗಳ ಹಿಂದೆ ಬಿದ್ದರು. ಟಾಟಾ ಇನ್‌ಸ್ಟಿಟ್ಯೂಟಿನ ಅವರ ಪ್ರಯೋಗಾಲಯದಲ್ಲಿ ಅನ್ನಾ ಮಣಿ ಎಂಬ ಯುವತಿ 30ಕ್ಕೂ ಹೆಚ್ಚು ವಜ್ರಗಳ ಹೊಳಪನ್ನು ಫೋಟೊ ತಟ್ಟೆಯ ಮೇಲೆ ಹಿಡಿದರು. ಒಂದೊಂದು ಚಿತ್ರಕ್ಕೆ 15ರಿಂದ 20 ತಾಸು ಬೆಳಕು ಬೀಳಬೇಕು. ಎಷ್ಟೋ ರಾತ್ರಿ ಅಲ್ಲೇ ಮಲಗುತ್ತಿದ್ದರಂತೆ. ಐದು ಪ್ರಬಂಧ ಪ್ರಕಟಿಸಿದರೂ ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ಸಿಗಲಿಲ್ಲ. ಕತ್ತಲೆಯಲ್ಲಿ ಅಷ್ಟು ತಾಳ್ಮೆಯಿಂದ ಕಾದವರಿಗೆ ಹಗಲಿನ ಕಚೇರಿಗಳು ಮಾಡಿದ ನ್ಯಾಯ ಅದು. ಮುಂದೆ ಅವರು ಹವಾಮಾನ ಉಪಕರಣಗಳ ಕ್ಷೇತ್ರದಲ್ಲಿ ದೊಡ್ಡ ಹೆಸರಾದರು.

1948ರಲ್ಲಿ ಶುರುವಾದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರಾಮನ್ ಹರಳು, ಖನಿಜ, ಚಿಪ್ಪು, ಚಿಟ್ಟೆಗಳ ಸಂಗ್ರಹ ಕಟ್ಟಿದರು. ಅಲ್ಲಿನ ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪದಡಿ ಹೊಳೆಯುವ ಖನಿಜಗಳನ್ನು ಇಟ್ಟರು. ಬಂದ ಮಕ್ಕಳನ್ನು ಅಲ್ಲಿ ನಿಲ್ಲಿಸಿ ದೀಪ ಬದಲಿಸುವುದರಲ್ಲಿ ಅವರಿಗೆ ಮಾಂತ್ರಿಕನ ಖುಷಿ ಇದ್ದಿರಬೇಕು. ನಮ್ಮ ಗ್ಯಾರೇಜಿನಲ್ಲಿ ಪುಟ್ಟಿ ಮಾಡಿದ್ದೂ ಅದನ್ನೇ.

ಕೆಂಪಿನ ಓಲೆ

ಗಣಿಯಿಂದ ಮರಳಿದ ರಾತ್ರಿ ಊಟದ ಮೇಜಿನ ಮೇಲೆ ಟಾರ್ಚು ಕೈಯಿಂದ ಕೈಗೆ ಹೋಯಿತು. ಟಾನಿಕ್ ವಾಟರ್ ನೀಲಿಯಾಯಿತು, ಕ್ವಿನೈನ್ ಇದೆಯಲ್ಲ. ಎಣ್ಣೆಯಲ್ಲಿ ಕಲಸಿದ ಅರಿಶಿನ ಹಳದಿ-ಹಸಿರಾಗಿ ಹೊಳೆಯಿತು. ಪುಟ್ಟಿ ಟಾರ್ಚನ್ನು ಅಜ್ಜಿಯ ಮುಖಕ್ಕೆ ತಿರುಗಿಸಿದಾಗ ಅಮ್ಮನ ಎರಡೂ ಕಿವಿ ಹೊತ್ತಿ ಉರಿದವು.

ಕೆಂಪಿನ ಓಲೆ. ನಮ್ಮಜ್ಜಿಯಿಂದ ಅಮ್ಮನಿಗೆ ಬಂದದ್ದು. ಅಷ್ಟು ಕಡು ಹೊಳಪನ್ನು ಗಣಿಯ ಸುರಂಗದಲ್ಲೂ ನೋಡಿರಲಿಲ್ಲ.

ಮಾಣಿಕ್ಯಕ್ಕೆ ಕೆಂಪು ಬಣ್ಣ ಕೊಡುವ ಕ್ರೋಮಿಯಮ್ಮೇ ನೇರಳಾತೀತಕ್ಕೆ ಕೆಂಪಾಗಿ ಹೊಳೆಯುವುದು. ಕಬ್ಬಿಣ ಹೆಚ್ಚಿದ್ದರೆ ಹೊಳಪು ಮಂಕು. ಬರ್ಮಾದ ಕೆಂಪಿನಲ್ಲಿ ಕಬ್ಬಿಣ ಕಡಿಮೆ, ಆದ್ದರಿಂದ ಚೆನ್ನಾಗಿ ಹೊಳೆಯುತ್ತದೆ. ಕಬ್ಬಿಣದ ಸುಳಿವೇ ಇಲ್ಲದ ಇನ್ನೊಂದು ಕೆಂಪಿದೆ, ಅದು ಎಲ್ಲಕ್ಕಿಂತ ಹೊಳೆಯುತ್ತದೆ. 1902ರಲ್ಲಿ ಪ್ಯಾರಿಸ್ಸಿನ ಆಗಸ್ತ್ ವರ್ನೂಯ್ ಲೋಕಕ್ಕೆ ಸಾರಿದ ವಿಧಾನದಲ್ಲಿ, ಜ್ವಾಲೆಯಲ್ಲಿ ಪುಡಿ ಕರಗಿಸಿ ತಯಾರಿಸಿದ ಕೃತಕ ಮಾಣಿಕ್ಯ.

ಇಷ್ಟನ್ನು ನಾನು ಬಾಯಿಬಿಟ್ಟು ಹೇಳಬಾರದಿತ್ತು.

ಅಮ್ಮ ಓಲೆ ಮುಟ್ಟಿ ನೋಡಿಕೊಂಡರು. "ನಿಮ್ಮಜ್ಜಿ ಎಮ್ಮೆ ಹಾಲು ಮಾರಿ ಮಾಡಿಸಿಕೊಂಡ ಓಲೆ ಇದು. ಬರ್ಮಾದ್ದೇ," ಎಂದು ತೀರ್ಪು ಕೊಟ್ಟರು. ಅಲ್ಲಿಗೆ ಮುಗಿಯಿತು. ಪ್ರಯೋಗಾಲಯಕ್ಕೆ ಕಳಿಸುವ ಮಾತು ನಮ್ಮ ಮನೆಯಲ್ಲಿ ಇನ್ನು ಏಳುವುದಿಲ್ಲ.

■ ಹೊನ್ನೆ ಲೋಟದ ನೀಲಿ
ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರು ನಮ್ಮಲ್ಲಿ ಬಹಳ. ಆ ಕಂದು ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಲ್ಲಿ ಓರೆಯಾಗಿ ನೋಡಿ, ಅಂಚಿನಲ್ಲಿ ನೀಲಿ-ಹಸಿರು ಛಾಯೆ ತೇಲುತ್ತದೆ. ಅದೂ ಪ್ರತಿದೀಪ್ತಿಯೇ. ಇಂಥದೇ ಮೆಕ್ಸಿಕೋದ ಮರವೊಂದರ ನೀಲಿ ನೀರನ್ನು ಸ್ಪೇನಿನ ವೈದ್ಯ ಮೊನಾರ್ಡೆಸ್ 1565ರಲ್ಲಿ ದಾಖಲಿಸಿದ್ದ. ಅದಕ್ಕೆ 'ಫ್ಲೋರೊಸೆನ್ಸ್' ಎಂಬ ಹೆಸರು ಬರಲು ಹತ್ತಿರ ಹತ್ತಿರ ಮುನ್ನೂರು ವರ್ಷ ಕಾಯಬೇಕಾಯಿತು. ಫ್ಲೋರೈಟ್ ಖನಿಜದ ಹೆಸರಿನಿಂದ ಆ ಪದ ಕಟ್ಟಿದವನು ಜಾರ್ಜ್ ಸ್ಟೋಕ್ಸ್, 1852ರ ಸುಮಾರಿಗೆ.

ಕಿರುಚುವ ಬಣ್ಣ

ಹೊಳೆಯುವ ಕಲ್ಲು ಕಂಡವರಿಗೆಲ್ಲ ಮೊದಲು ಹೊಳೆಯುವ ಯೋಚನೆ ಒಂದೇ: ಹೊಳೆಯುವ ಬಣ್ಣ ತಂದು ಬಳಿಯುವುದು. ಆ ಬಣ್ಣ ಹುಟ್ಟಿದ್ದೂ ಒಂದು ಮನೆಯಲ್ಲೇ. 1933ರಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ಸ್ವಿಟ್ಜರ್ ಎಂಬ ಹುಡುಗ ಟೊಮೆಟೊ ಸರಕು ಇಳಿಸುವ ಕೆಲಸದಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಕಣ್ಣಿಗೆ ತೊಂದರೆಯಾಗಿ ಕತ್ತಲೆಯಲ್ಲೇ ಇರಬೇಕಾಯಿತು. ತಮ್ಮ ಜೋಸೆಫ್‌ಗೆ ಜಾದೂ ಹುಚ್ಚು. ಇಬ್ಬರೂ ನೇರಳಾತೀತ ದೀಪ ಹಿಡಿದು ಅಪ್ಪನ ಔಷಧಿ ಅಂಗಡಿಯ ಕಪಾಟು ಜಾಲಾಡಿದರು. ಹೊಳೆದದ್ದನ್ನು ಅರಗಿನ ವಾರ್ನಿಷಿಗೆ ಬೆರೆಸಿದರು. ಮೊದಲು ಜಾದೂ ವೇದಿಕೆಗೆ, ಯುದ್ಧಕಾಲದಲ್ಲಿ ವಿಮಾನಗಳಿಗೆ ಕಾಣುವ ಸಂಕೇತ ಬಟ್ಟೆಗಳಿಗೆ, ಕೊನೆಗೆ 'ಡೇ-ಗ್ಲೋ' ಎಂಬ ಹೆಸರಿನಲ್ಲಿ ಅಂಗಡಿಗೆ. 1960ರ ದಶಕದಲ್ಲಿ ಚಿತ್ರಕಲಾವಿದ ಫ್ರಾಂಕ್ ಸ್ಟೆಲ್ಲಾ ಇಂಥ ಬಣ್ಣಗಳಲ್ಲಿ ಆಳೆತ್ತರದ ಪಟ್ಟೆಗಳನ್ನು ಬಳಿದ. ಡಾನ್ ಫ್ಲೇವಿನ್ ಬಣ್ಣದ ಗೊಡವೆಯೇ ಬೇಡವೆಂದು 1963ರಲ್ಲಿ ಅಂಗಡಿಯಿಂದ ಟ್ಯೂಬ್‌ಲೈಟ್ ತಂದು ಗೋಡೆಗೆ ಓರೆಯಾಗಿ ನಿಲ್ಲಿಸಿ, ಇದೇ ಕಲೆ ಎಂದ.

ಸ್ಟೆಲ್ಲಾನ ಚಿತ್ರಗಳೆದುರು ನಿಂತರೆ ಕಣ್ಣು ಝುಮ್ಮೆನ್ನುವುದು ನಿಜ. ಆದರೂ ನನಗೆ ಅವುಗಳಲ್ಲಿ ಕಲ್ಲಿನ ಸುಖ ಸಿಗುವುದಿಲ್ಲ. ಆ ಬಣ್ಣ ಹಗಲಲ್ಲೂ ಕಿರುಚುತ್ತದೆ. ಕಲ್ಲು ಹಗಲಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ.

ಪುಟ್ಟಿ ಮೊದಲು ಮಾಡಿದ್ದೂ ಬಣ್ಣದ ಚಿತ್ರವೇ. ಕರಿ ಕಾಗದದ ಮೇಲೆ ಸುರಂಗ, ಅದಕ್ಕೆ ಫ್ಲೋರೊಸೆಂಟ್ ಹಸಿರು, ಫ್ಲೋರೊಸೆಂಟ್ ಗುಲಾಬಿ. ಅಮ್ಮ ಕನ್ನಡಕ ಏರಿಸಿ ನೋಡಿದರು. "ಚೆನ್ನಾಗಿದೆ ಮಗೂ. ಆದ್ರೆ ದೀಪ ಆರಿಸೋ ಮುಂಚೆನೇ ಎಲ್ಲ ಗೊತ್ತಾಗಿಬಿಡ್ತಲ್ಲ."

ಅರವತ್ತೊಂದು ಕಲ್ಲು

ಚುಕ್ಕಿ ರಂಗೋಲಿಯ ಸೊಗಸು ಎಲ್ಲರಿಗೂ ಗೊತ್ತು. ಮೊದಲು ಚುಕ್ಕಿ, ಆಮೇಲೆ ಗೆರೆ. ಗೆರೆ ಮುಗಿಯುವ ಹೊತ್ತಿಗೆ ಚುಕ್ಕಿಯ ಗುರುತು ಸಿಗುವುದಿಲ್ಲ. ಅಮ್ಮನ ತಲೆಗೆ ಬಂದದ್ದು ಇದನ್ನು ತಿರುವಿಹಾಕುವ ಯೋಚನೆ. ಹಗಲಲ್ಲಿ ಗೆರೆ ಕಾಣಲಿ, ಕತ್ತಲೆಯಲ್ಲಿ ಚುಕ್ಕಿ ಮಾತ್ರ ಉಳಿಯಲಿ.

ಅವರು ಆರಿಸಿದ್ದು ನಡುಸಾಲಿನಲ್ಲಿ 9 ಚುಕ್ಕಿ, ಮೇಲೂ ಕೆಳಗೂ 8, 7, 6 ಎಂದು ಇಳಿದು 5ಕ್ಕೆ ನಿಲ್ಲುವ ಎಳೆ. ಒಟ್ಟು 61. ಹೊಳೆಯುವ ಕಲ್ಲು ಡಬ್ಬಿ ತುಂಬ ಇತ್ತು, ಅಷ್ಟನ್ನೂ ಇಟ್ಟುಬಿಡೋಣ ಎಂದಳು ಪುಟ್ಟಿ. ಇಟ್ಟರು. ದೀಪ ಹಾಕಿದರೆ ಜಾತ್ರೆಯ ಸೀರಿಯಲ್ ಸೆಟ್ಟು. ಅಂದ ಹಾಗೆ, ಅಂಥದ್ದನ್ನೇ ಮೆಚ್ಚಿ ಫೋಟೊ ಹಿಡಿದವರೂ ಇದ್ದರು, ಭಾವ ಎಂದು ಕರೆಸಿಕೊಳ್ಳುವ ಈ ಲೇಖಕನೂ ಸೇರಿ.

ಅಮ್ಮ ಮಾತ್ರ ತಲೆ ಅಲ್ಲಾಡಿಸಿದರು. 61ರಲ್ಲಿ 23 ಹೊಳೆದರೆ ಸಾಕು, ಅವು ಹಣತೆ. ಉಳಿದ 38 ಹೊಳೆಯಬಾರದು. ಆದರೆ ಹಗಲಲ್ಲಿ ನೋಡಿದರೆ ಎರಡಕ್ಕೂ ಎಳ್ಳಷ್ಟು ವ್ಯತ್ಯಾಸ ತಿಳಿಯಬಾರದು. ಅಂದರೆ ಅದೇ ಗುಡ್ಡೆಯ, ಅದೇ ಬಣ್ಣದ, ಅದೇ ಗಾತ್ರದ ಮಂಕು ಕಲ್ಲು ಬೇಕು.

ಪುಟ್ಟಿ ಎಸೆದಿದ್ದಳಲ್ಲ, ಅವು.

ಮುಂದಿನ ಭಾನುವಾರ ಮತ್ತೆ ಒಂದೂಕಾಲು ಗಂಟೆ ಕಾರು ಓಡಿಸಿ ಫ್ರಾಂಕ್ಲಿನ್ನಿಗೆ ಹೋದೆವು. ಕಂಬಳಿಯೊಳಗಿಂದ ಈ ಸಲ "ಇಲ್ಲ" ಎಂದರೆ ಹೊರಗೆ ಹರ್ಷೋದ್ಗಾರ. ಹೊಳೆಯದ ಕಲ್ಲನ್ನೇ ಆರಿಸಿ, ತೂಗಿಸಿ, ದುಡ್ಡು ಕೊಟ್ಟು ಕೊಂಡ ನಮ್ಮನ್ನು ಕೌಂಟರಿನಲ್ಲಿದ್ದ ಹೆಂಗಸು ಕನಿಕರದಿಂದ ನೋಡಿದಳು.

ಗೆರೆಯದು ಬೇರೆ ಪಾಡು. ಇಂಡಿಯನ್ ಅಂಗಡಿಯ ರಂಗೋಲಿ ಪುಡಿಗಳನ್ನು ರಾತ್ರಿ ಅಡುಗೆಮನೆಯಲ್ಲಿ ಒಂದೊಂದೇ ತಟ್ಟೆಗೆ ಸುರಿದು ಪರೀಕ್ಷಿಸಿದೆವು. ಗುಲಾಬಿ ಪುಡಿ ಪಟಾಕಿಯಂತೆ ಉರಿಯಿತು. ಬಿಳಿಯದೂ ನಂಬಿಕೆಗೆ ಅರ್ಹವಾಗಿರಲಿಲ್ಲ. ಆಗ ಅಮ್ಮ ಸೂಟ್‌ಕೇಸಿನಿಂದ ಹೊಳೆನರಸೀಪುರದ ಕೆಮ್ಮಣ್ಣಿನ ಪೊಟ್ಟಣ ತೆಗೆದರು. ಕೆಮ್ಮಣ್ಣಿನ ಕೆಂಪೆಲ್ಲ ಕಬ್ಬಿಣ. ದೀಪ ಹಿಡಿದರೆ ಬಾವಿಯಷ್ಟು ಕಪ್ಪು. ಕಲ್ಲಿನ ಹೊಳಪನ್ನು ಕೊಲ್ಲುವ ಕಬ್ಬಿಣವೇ ಅಮ್ಮನಿಗೆ ಕತ್ತಲೆಯ ಬಣ್ಣವಾಗಿ ಒದಗಿತು. ಹಲಗೆಗೆ ತೆಳುವಾಗಿ ಸಾರಿಸಿದರು. ಗೆರೆಗಳನ್ನು ಗಟ್ಟಿಯಾಗಿ ಕಲಸಿದ ಅದೇ ಮಣ್ಣಿನಲ್ಲಿ, ಬಟ್ಟೆಯ ಸುರುಳಿಯಿಂದ ಎಳೆದರು. ಕೆಂಪಿನ ಮೇಲೆ ಕಡುಗೆಂಪು ಕಮಲ. ಕಪ್ಪು ಬಣ್ಣ ಬಳಿದ ಹಲಗೆ ತರುತ್ತೇನೆಂದ ಅಳಿಯನಿಗೆ "ಹಬ್ಬದ ದಿನ ಕಪ್ಪೇ?" ಎಂಬ ಒಂದೇ ಮಾತು ಸಾಕಾಗಿತ್ತು.

ಕಲ್ಲು ಕುಟ್ಟಿ ಪುಡಿ ಮಾಡಿ ರಂಗೋಲಿಗೇ ಬೆರೆಸೋಣ ಎಂದು ನಾನು ಒಮ್ಮೆ ಹೇಳಿ ಬೈಸಿಕೊಂಡೆ. ಬೈದದ್ದು ತಂಗಿ. ಅಲ್ಲಿನ ಖನಿಜಗಳಲ್ಲಿ ಸೀಸ, ಆರ್ಸೆನಿಕ್ ಇರುವವೂ ಇವೆ. ಉಸಿರಿಗೆ ಹೋಗುವ ಕಲ್ಲಿನ ಧೂಳು ಹೇಗೂ ಕೆಟ್ಟದ್ದು. ಕೆಜಿಎಫ್ ಸೊಸೆಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

"ಅಜ್ಜೀ, ಬೆಂಕಿ ಹಸಿರಾ?" ಕುಡಿಗೆ ವಿಲ್ಲೆಮೈಟ್ ಇಡುವಾಗ ಪುಟ್ಟಿಯ ತಕರಾರು.

"ಹಳದಿ ಕಲ್ಲು ತಂದ್ಕೊಡು, ಹಳದಿ ಇಡ್ತೀನಿ."

ಹಳದಿ ಕಲ್ಲು ಇದೆ. ಎಸ್ಪರೈಟ್ ಎಂದು ಹೆಸರು, ನಿಂಬೆಹಣ್ಣಿನ ಹಳದಿ. ಫ್ರಾಂಕ್ಲಿನ್ ಗಣಿಯಲ್ಲಿ ಸಿಕ್ಕ ಅಪರೂಪದ ಸರಕು. ಗಣಿ ಮುಚ್ಚಿ ಎಪ್ಪತ್ತು ವರ್ಷ ದಾಟಿತು, ಮೇಲೆ ಬಂದಷ್ಟೇ ಬಂದದ್ದು. ಈಗ ಸಂಗ್ರಾಹಕರ ನಡುವೆ ಕೈ ಬದಲಿಸುತ್ತದೆ, ಬೆಲೆ ನಮ್ಮಂಥವರಿಗಲ್ಲ. ಕುಡಿ ಹಸಿರೇ ಉಳಿಯಿತು.

■ ಟಾರ್ಚು ಕೊಳ್ಳುವ ಮೊದಲು
ಅಗ್ಗದ 395 ನ್ಯಾನೋಮೀಟರ್ ಟಾರ್ಚಿನಲ್ಲಿ ನೇರಳೆ ಬೆಳಕೇ ಮುಂದಾಗಿ ಕಲ್ಲಿನ ಹೊಳಪು ಮುಚ್ಚಿಹೋಗುತ್ತದೆ. 365 ನ್ಯಾನೋಮೀಟರಿನದು, ಕಪ್ಪು ಫಿಲ್ಟರ್ ಇರುವುದು ಒಳ್ಳೆಯದು. ಫ್ರಾಂಕ್ಲಿನ್ ಕಲ್ಲುಗಳು ಪೂರ್ತಿ ಅರಳುವುದು 254 ನ್ಯಾನೋಮೀಟರಿನ ಕಿರುತರಂಗ ದೀಪಕ್ಕೆ. ಅದು ಕಣ್ಣು, ಚರ್ಮ ಎರಡಕ್ಕೂ ಅಪಾಯ. ದೀಪವನ್ನು ನೇರ ನೋಡಬಾರದು, ರಕ್ಷಣಾ ಕನ್ನಡಕ ಬೇಕೇ ಬೇಕು. ಮಕ್ಕಳ ಕೈಗೆ ಕೊಡುವಂಥದ್ದಲ್ಲ, ಸ್ವಿಚ್ಚು ಗೋಡೆಯಲ್ಲಿರಲಿ. ಮತ್ತೆ, ಪಂಚೆ ಬದಲಿಸಿ ಬನ್ನಿ.

ಹೇಮಾವತಿ ದಡದಲ್ಲಿ

ಬಲಿಪಾಡ್ಯಮಿ ಕಳೆದ ಮರುದಿನ ಪುಟ್ಟಿ ಕಲ್ಲುಗಳನ್ನೆತ್ತಿ ಖಾಲಿ ಮೊಟ್ಟೆ ಟ್ರೇಗಳಲ್ಲಿ ಜೋಡಿಸಿಟ್ಟಳು. 23 ಒಂದರಲ್ಲಿ, 38 ಇನ್ನೊಂದರಲ್ಲಿ. ಮಂಕು ಕಲ್ಲುಗಳ ಟ್ರೇ ಮೇಲೆ 'ಅಜ್ಜಿದು, ಎಸೆಯಬೇಡಿ' ಎಂದು ಬರೆದಿದ್ದಾಳೆ. ಭಾನುವಾರದ ಕನ್ನಡ ಕ್ಲಾಸಿನ ಅಕ್ಷರ, 'ಜ್ಜಿ'ಗೆ ಒತ್ತು ಸ್ವಲ್ಪ ಜಾರಿದೆ.

ಅಮ್ಮ ಊರಿಗೆ ಮರಳುವಾಗ ಕಲ್ಲು ತರಲಿಲ್ಲ, 365ರ ಟಾರ್ಚು ಮಾತ್ರ ತಂದರು. ಹಾಸನ, ಮೈಸೂರು ಸೀಮೆಯ ಹೊಲಗಳಲ್ಲಿ ಕುರಂದದ ಕಲ್ಲು ಸಿಗುತ್ತದೆ. ಮಾಣಿಕ್ಯದ್ದೇ ಜಾತಿ, ಒಡವೆಗೆ ಬಾರದ ಬಡ ನೆಂಟ. ಕ್ರೋಮಿಯಂ ಇದ್ದು ಕಬ್ಬಿಣ ಕಡಿಮೆಯಿದ್ದರೆ ಅದೂ ಕೆಂಪಗೆ ಹೊಳೆಯಬಹುದು ಎಂದು ಅಳಿಯ ತಲೆಗೆ ತುಂಬಿ ಕಳಿಸಿದ್ದ.

ಸಂಕ್ರಾಂತಿಗೆ ನಾನು ಹೊಳೆನರಸೀಪುರಕ್ಕೆ ಹೋದಾಗ ರಾತ್ರಿ ಕರೆಂಟು ಹೋಯಿತು. ನಾನು ಮೇಣದಬತ್ತಿ ಹುಡುಕುತ್ತಿದ್ದೆ. ಅಮ್ಮ ಇಂಥದಕ್ಕೇ ಕಾದಿದ್ದವರಂತೆ ಟಾರ್ಚು ಹಿಡಿದು ಹಿತ್ತಲಿಗೆ ಇಳಿದರು. ತೆಂಗಿನ ಬುಡ, ಬಟ್ಟೆ ಒಗೆಯುವ ಕಲ್ಲು, ಹಳೇ ಪಾಯದ ಕಲ್ಲು, ಒಂದೊಂದಕ್ಕೂ ಬೆಳಕು ಬಿಟ್ಟು ನೋಡುತ್ತ ಹೋದರು. ಎಲ್ಲ ಕಪ್ಪು. ಮೂಲೆಯಲ್ಲಿ ಬಳಸದೆ ಬಿದ್ದಿರುವ ಒರಳುಕಲ್ಲಿನ ಹತ್ತಿರ ನಿಂತರು.

"ಇಲ್ಲಿದೆ ಬಾರೋ! ಹಸಿರು, ನೀಲಿ, ಎರಡೂ ಬೆರೆತ ಹಾಗಿದೆ!"

ಓಡಿಹೋಗಿ ಬಗ್ಗಿ ನೋಡಿದೆ. ಒರಳಿನ ಬುಡದಲ್ಲಿ ಅಂಗೈಯಗಲ ಹೊಳಪು. ಅಷ್ಟರಲ್ಲಿ ಅದು ಬಾಲ ಎತ್ತಿತು.

ಚೇಳಿನ ಮೈಯೂ ನೇರಳಾತೀತಕ್ಕೆ ಹೊಳೆಯುತ್ತದೆ ಎಂದು ಅಳಿಯ ಹೇಳಿರಲಿಲ್ಲ. ನಾನು ಎರಡು ಹೆಜ್ಜೆ ಹಿಂದೆ ಹಾರಿದೆ. ಅಮ್ಮ ಕದಲಲಿಲ್ಲ. ಟಾರ್ಚು ಅದರ ಮೇಲೇ ಹಿಡಿದು, ಅದು ಒರಳಿನಡಿಗೆ ನಿಧಾನವಾಗಿ ಸರಿದು ಮರೆಯಾಗುವವರೆಗೆ ನೋಡುತ್ತ ನಿಂತರು.

"ಪಾಪ, ಇಷ್ಟು ಚೆಂದ ಇದೆಯೆಂದು ಅದಕ್ಕೇ ಗೊತ್ತಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಪಂಚೆ ಸ್ವಲ್ಪ ಆ ಕಡೆ ತಗೋ. ಅದಕ್ಕೆ ಕಣ್ಣಿಗೆ ಚುಚ್ಚುತ್ತೆ."